ಡಚ್ ಗಡಿಯಾರಕ್ಕೆ ಚನ್ನಪಟ್ಟಣದ ಮತ್ಸ್ಯಕನ್ಯೆ

ಹೋದ ತಿಂಗಳು ನನಗೊಂದು ಬೆಳ್ಳಿ ಪದಕ ಬಂತು. ನಾನು ಮಾಡದ ಕೆಲಸಕ್ಕೆ.

ಹದಿನೆಂಟು ದಿನ ಅದು ನಮ್ಮ ಬೀರುವಿನಲ್ಲಿತ್ತು. ಮೊನ್ನೆ ಸೋಮವಾರ ವಾಪಸ್ ಹೋಯಿತು. (ಒರೆಸಿ ಒರೆಸಿ ಒಂದು ಒಳ್ಳೆಯ ಬಟ್ಟೆ ದಂಡವಾಯಿತು ಎಂಬುದಷ್ಟೇ ನನ್ನ ಹೆಂಡತಿಯ ಕೊರಗು.)

ನಾನು ಕ್ಲೋಸ್‌ಪೇಟೆಯ ವಕೀಲ ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ನನಗೊಂದು ಹುಚ್ಚಿದೆ ಎಂಬುದು ಓದದವರಿಗೂ ಗೊತ್ತು. ಹಳೆಯ ಡಚ್ ಗಡಿಯಾರ ಎಲ್ಲೇ ಕಂಡರೂ ಅದು ನಮ್ಮ ಮನೆಗೆ ಬರಬೇಕು. ಈಗ ಮೂರಿವೆ. ಮೂರೂ ಮೂರು ಸಮಯ ತೋರಿಸುತ್ತವೆ.

"ಗೋಡೆ ತುಂಬ ಗಡಿಯಾರ ಇಟ್ಕೊಂಡಿದ್ದೀರಿ. ಅನ್ನಕ್ಕೆ ಇಡ್ಬೇಕಾದ್ರೆ ನಾನು ಮೈಸೂರು ರೈಲು ಕೂಗೋದನ್ನೇ ಕಾಯ್ಬೇಕು" ಎನ್ನುತ್ತಾಳೆ ಹೆಂಡತಿ. ಕಲೆಕ್ಷನ್ ಎಂದರೇನೆಂದು ಇವರಿಗೆಲ್ಲ ಯಾರು ತಿಳಿಸಿ ಹೇಳುತ್ತಾರೆ?

ಮೂರನೆಯ ಗಡಿಯಾರವನ್ನು ಕೊಚ್ಚಿಯಿಂದ ತಂದೆ. ಮೆಣಸಿಗೆಂದು ಬಂದಿದ್ದ ಡಚ್ಚರು ಮೆಣಸನ್ನು ಒಯ್ದು ಗಡಿಯಾರವನ್ನು ಬಿಟ್ಟುಹೋಗಿದ್ದರು. ಹಾಲೆಂಡಿನ ಉತ್ತರಕ್ಕೆ ಫ್ರೀಸ್‌ಲ್ಯಾಂಡ್ ಎಂಬ ಸೀಮೆಯಿದೆಯಂತೆ, ಇದು ಅಲ್ಲಿಯದು. ಗೋಡೆಗೆ ಹೊಡೆದ ಪುಟ್ಟ ಹಲಗೆ, ಅದರ ಮೇಲೆ ನಾಲ್ಕು ಕಾಲಿನ ಪೀಠ, ಪೀಠದ ಮೇಲೆ ಗಡಿಯಾರ, ಕೆಳಗೆ ಸರಪಳಿಯಲ್ಲಿ ನೇತಾಡುವ ಸೀಸದ ಗುಂಡು. ಎಡಕ್ಕೊಬ್ಬಳು, ಬಲಕ್ಕೊಬ್ಬಳು ಮರದ ಮತ್ಸ್ಯಕನ್ಯೆ. ನನ್ನ ಗಡಿಯಾರದಲ್ಲಿ ಎಡಗಡೆಯವಳು ಮಾತ್ರ ಉಳಿದಿದ್ದಳು. ಬಲಗಡೆಯವಳು ಯಾವ ಸಮುದ್ರಕ್ಕೆ ಹೋದಳೋ. ಪೀಠದ ಎರಡು ಕಾಲು ಗೆದ್ದಲಿನ ಪಾಲಾಗಿದ್ದವು.

ಯಂತ್ರವನ್ನು ನಾನೇ ಬಿಚ್ಚಿದೆ. ಗಾಲಿಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಕೋಳಿಗರಿಯಿಂದ ಉಜ್ಜಿ, ಮೂರು ಭಾನುವಾರ ಕೂತು ಜೋಡಿಸಿದೆ. ಒಂದು ಗಾಲಿ ಮಿಕ್ಕಿತು. ಮತ್ತೆ ಬಿಚ್ಚಿದೆ. ಐದನೆಯ ಭಾನುವಾರ ಅದು ಟಿಕ್ ಎಂದಿತು. ನನ್ನ ಪ್ರತಾಪ ಅಷ್ಟೇ. ಮರದ ಕೆಲಸಕ್ಕೆ ಚನ್ನಪಟ್ಟಣಕ್ಕೆ ಹೋದೆ, ಮಸ್ತಾನ್ ಸಾಬರ ಹತ್ತಿರ.

ಮಸ್ತಾನ್ ಸಾಬರು ಐವತ್ತು ವರ್ಷದಿಂದ ಅರಗಿನ ಆಟದ ಸಾಮಾನು ಕಡೆಯುತ್ತಿರುವವರು. ಮೊಣಕಾಲು ಹೋಗಿದೆ. ಮರದ ಹುಡಿ ಕುಡಿದು ಕುಡಿದು ಕೆಮ್ಮು ಅಂಟಿಕೊಂಡಿದೆ. ಕೈ ಮಾತ್ರ ಹಾಗೇ ಇದೆ. ಎಡಗಡೆಯ ಮತ್ಸ್ಯಕನ್ಯೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ವಕೀಲ್ ಸಾಹೇಬ್ರೆ, ಈ ಯಮ್ಮ ಮೇಲೆ ಬಟ್ಟೇನೇ ಹಾಕ್ಕೊಂಡಿಲ್ವಲ್ಲ."

"ಆ ಕಡೆಯವರು ಹಾಗೇ ಮಾಡೋದು, ಸಾಬ್ರೆ. ಇದೇ ಥರ ಇನ್ನೊಂದು ಬೇಕು."

"ನಿಮ್ದು ಮೊಮ್ಮಕ್ಕಳು ಓಡಾಡೋ ಮನೆ. ಇದೇ ಥರ ಆಗಕಿಲ್ಲ. ಕೂದ್ಲು ಒಸಿ ಮುಂದಕ್ಕೆ ಬುಟ್ಟು ಮಾಡ್ಕೊಡ್ತೀನಿ. ನೋಡಿ, ಬೇಡ ಅಂದ್ರೆ ಒಲೆಗೆ ಹಾಕಾನ."

ಎಂಟು ದಿನ ಬಿಟ್ಟು ಹೋದಾಗ ಪೀಠಕ್ಕೆ ಎರಡು ಹೊಸ ಕಾಲು ಬಂದಿದ್ದವು. ಬಲಗಡೆಯವಳೂ ಬಂದಿದ್ದಳು. ಕೂದಲು ಎದೆಯ ಮೇಲೆ ಅಲೆ ಅಲೆಯಾಗಿ ಇಳಿದು ಮೀನಿನ ಹುರುಪೆಗಳಲ್ಲಿ ಸೇರಿಹೋಗಿತ್ತು. ಬಣ್ಣವನ್ನು ಹಳೆಯದರಂತೆ ಮಂಕು ಮಾಡಿದ್ದರು. ಒಲೆಗೆ ಹಾಕುವ ಮಾತು ಬರಲಿಲ್ಲ.

ಅಷ್ಟರಲ್ಲಿ ನಮ್ಮೂರಿಗೆ ಕೈಗಾರಿಕಾ ಪ್ರದರ್ಶನ ಬಂತು. ಕನಕಾನಹಳ್ಳಿಯ ರೇಷ್ಮೆ, ಮಾಗಡಿಯ ಕಂಬಳಿ, ಚನ್ನಪಟ್ಟಣದ ಬೊಂಬೆ ಒಂದು ಕಡೆ. ದೊಡ್ಡವರ ಮನೆಯ ಅಪರೂಪದ ವಸ್ತುಗಳು ಇನ್ನೊಂದು ಕಡೆ. ನನ್ನ ಗಡಿಯಾರ ದೊಡ್ಡವರ ಕಡೆ. ಮಸ್ತಾನ್ ಸಾಬರು ತಮ್ಮದೊಂದು ಜೊತೆ ಅರಗಿನ ಸಾಮಾನು ಸಣ್ಣವರ ಕಡೆ ಇಟ್ಟಿದ್ದರು. ಅವರಿಗೆ ಬಹುಮಾನಕ್ಕಿಂತ ಬೇರೊಂದರ ಮೇಲೆ ಆಸೆ. ಹೊಸದಾಗಿ ತೆರೆಯುವ ಕೈಕೆಲಸದ ಶಾಲೆಗೆ ಕಡೆತ ಕಲಿಸುವ ಮೇಷ್ಟ್ರು ಬೇಕಾಗಿದ್ದರು. ಪ್ರದರ್ಶನದಲ್ಲಿ ಗೆದ್ದ ಕುಶಲಕರ್ಮಿಗೆ ಆ ಕೆಲಸ ಎಂಬ ಮಾತಿತ್ತು. ಕೂತು ಕಲಿಸುವ ಕೆಲಸ, ಮೊಣಕಾಲಿಗೆ ಬಿಡುವು.

ಪರೀಕ್ಷಕರು ಯುರೋಪಿನಲ್ಲಿ ಆರು ತಿಂಗಳು ಇದ್ದು ಬಂದವರು. (ಹಡಗಿನಲ್ಲಿ ಕಳೆದ ದಿನಗಳೂ ಸೇರಿ.) ಸಾಬರ ಸಾಮಾನನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಚೀಟಿ ಬರೆಸಿದರು: 'ನಯ ಸಾಲದು. ಹೊರದೇಶದ ಕೆಲಸ ನೋಡಿ ಕಲಿಯತಕ್ಕದ್ದು.'

ಆಮೇಲೆ ನನ್ನ ಗಡಿಯಾರದ ಮುಂದೆ ಬಂದರು. ನಿಂತರು. ಕನ್ನಡಕ ಒರೆಸಿಕೊಂಡರು.

"ಬಲಗಡೆಯ ಈ ವಿಗ್ರಹ ನೋಡಿ. ಇನ್ನೂರು ವರ್ಷದ ಹಿಂದಿನ ಅಸಲು ಡಚ್ ಕೈ. ಕೂದಲಿನಲ್ಲಿ ಎಂಥ ಮರ್ಯಾದೆ ಇದೆ. ಉತ್ತರ ಸಮುದ್ರದ ಜನರ ಗಾಂಭೀರ್ಯವೇ ಅದು."

"ಎಡಗಡೆಯದು?" ಎಂದು ಕಮಿಟಿಯ ಸೆಕ್ರೆಟರಿ ಕೇಳಿದರು.

"ಈಚೆಗೆ ಇಲ್ಲೇ ಯಾರೋ ಮಾಡಿ ಸೇರಿಸಿದ್ದು. ನಕಲು ಮಾಡಲೂ ಕೈ ಬೇಕಲ್ಲ."

ಜನ ತಲೆದೂಗಿದರು. ಬೆಳ್ಳಿ ಪದಕ ನನಗೇ ಎಂದು ಸೆಕ್ರೆಟರಿ ನನ್ನ ಕೈ ಕುಲುಕಿದರು. ನಾನು ಏನು ಮಾಡಿದೆ? ನಕ್ಕೆ. ಒಂದು ಮಾತು ಆಡಬೇಕಿತ್ತು, 'ಸ್ವಾಮಿ, ಅದನ್ನು ಮಾಡಿದವರು ಆಚೆ ಸಾಲಿನಲ್ಲಿದ್ದಾರೆ' ಅಂತ. ಹಾರ ಆಗಲೇ ಕೊರಳಿಗೆ ಬಿದ್ದಿತ್ತು. ಹಾರ ಹಾಕಿಕೊಂಡವನ ಬಾಯಿಂದ ಸತ್ಯ ಹೊರಡುವುದು ಕಷ್ಟ. (ಬೇಕಾದರೆ ನೀವೂ ಹಾಕಿಕೊಂಡು ನೋಡಿ.)

ಮೇಷ್ಟ್ರ ಕೆಲಸ ಬೆಂಗಳೂರಿನ ಒಬ್ಬರಿಗೆ ಹೋಯಿತು. ಅವರ ಹತ್ತಿರ ಡ್ರಾಯಿಂಗ್ ಸರ್ಟಿಫಿಕೇಟ್ ಇತ್ತಂತೆ. ಮರ ಕಡೆದದ್ದನ್ನು ಯಾರೂ ನೋಡಿಲ್ಲವಂತೆ.

ಅದು ಗೊತ್ತಾದ ಮೇಲೆ ಊಟ ಸೇರಲಿಲ್ಲ. ಹೆಂಡತಿ ಕಾರಣ ಕೇಳಿದಳು, ಹೇಳಿದೆ.

"ಒಂದು ಕಾಗ್ದ ಬರ್ದು ಹಾಕಿ. ಕಕ್ಷಿದಾರರಿಗೆ ದಿನಾ ಬರ್ಕೊಡ್ತೀರಲ್ಲ" ಎಂದಳು.

ಬರೆದೆ. ಮಾಡಿದವರು ಇಂಥವರು, ಇಂಥ ಊರಿನವರು, ಪದಕವನ್ನೂ ಮೇಷ್ಟ್ರ ಕೆಲಸವನ್ನೂ ಅವರಿಗೇ ಕೊಡಿ ಎಂದು ಕಮಿಟಿಗೆ ಬರೆದೆ.

ಪರೀಕ್ಷಕರು ಮರುಪರೀಕ್ಷೆಗೆ ನಮ್ಮ ಮನೆಗೇ ಬಂದರು. ಅದೇ ಕನ್ನಡಕ, ಅದೇ ಮತ್ಸ್ಯಕನ್ಯೆ. ಈ ಸಲ ಕೂದಲು ಅನಗತ್ಯವಾಗಿತ್ತು. ಮುಖದಲ್ಲಿ ಜೀವವಿರಲಿಲ್ಲ. ಬಣ್ಣ ಬಜಾರಿನದಾಗಿತ್ತು. ಗಾಂಭೀರ್ಯವೆಲ್ಲ ರಾತ್ರೋರಾತ್ರಿ ಈಜಿಕೊಂಡು ಹಾಲೆಂಡಿಗೆ ಹೋಗಿತ್ತು.

"ಆವತ್ತು ಬೆಳಕು ಸರಿಯಿರಲಿಲ್ಲ" ಎಂದರು.

ಪದಕವನ್ನು ಜೇಬಿಗೆ ಹಾಕಿಕೊಂಡು ಹೊರಟರು. ಅದು ಸಾಬರಿಗೆ ಹೋಗಲಿಲ್ಲ. ಗಡಿಯಾರ 'ದೇಶೀ ರಿಪೇರಿಯಿಂದ ಕೆಟ್ಟ ವಸ್ತು' ಎಂದು ದಾಖಲೆಗೆ ಸೇರಿತು. ಮೇಷ್ಟ್ರ ಕೆಲಸದ ಬಗ್ಗೆ ಕೇಳಿದ್ದಕ್ಕೆ, ಆರ್ಡರ್ ಆಗಿಹೋಗಿದೆ ಎಂದರು.

ಮರುದಿನ ಬೆಳಗ್ಗೆ ಮತ್ಸ್ಯಕನ್ಯೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ಚನ್ನಪಟ್ಟಣದ ರೈಲು ಹತ್ತಿದೆ. ಸಾಬರು ನೋಯುವ ಕಾಲನ್ನು ಪಕ್ಕಕ್ಕೆ ಚಾಚಿಕೊಂಡು ಬುಗುರಿ ಕಡೆಯುತ್ತಿದ್ದರು. ನಡೆದದ್ದನ್ನೆಲ್ಲ ಒಪ್ಪಿಸಿದೆ. ಪರೀಕ್ಷಕರು ಕಂಡುಹಿಡಿದ ತಪ್ಪುಗಳನ್ನು ಒಂದೊಂದಾಗಿ ಹೇಳಿದೆ. ಅವರು ಕೆಲಸ ನಿಲ್ಲಿಸಿ ಗೊಂಬೆಯನ್ನು ಕೈಗೆ ತೆಗೆದುಕೊಂಡರು.

"ಅವ್ರು ಹೇಳಿದ್ ತಪ್ಪು ಒಂದೂ ಇಲ್ಲ ಇದ್ರಲ್ಲಿ. ಆದ್ರೆ ಎಡಗೈ ಒಂದು ನೂಲಷ್ಟು ಗಿಡ್ಡ ಐತೆ. ಮಾಡ್ದಾಗ್ಲೇ ಗೊತ್ತಿತ್ತು ನಂಗೆ. ಅದು ಅವ್ರ ಕಣ್ಣಿಗೆ ಬೀಳ್ಲಿಲ್ಲ. ಬುಟ್ಟೋಗಿ ಸಾಹೇಬ್ರೆ, ಸರಿ ಮಾಡ್ಕೊಡ್ತೀನಿ."

"ಮೇಷ್ಟ್ರ ಕೆಲಸ ತಪ್ಪಿಹೋಯ್ತಲ್ಲ, ಸಾಬ್ರೆ. ನನ್ನಿಂದಲೇ ಆದದ್ದು."

ಅವರು ಗೊಂಬೆಯನ್ನು ಬದಿಗಿಟ್ಟರು. ಸ್ವಲ್ಪ ಹೊತ್ತು ಕೆಮ್ಮಿದರು. ಸಿಟ್ಟಿನಿಂದೇನೂ ಅಲ್ಲ, ಊರ ಸುದ್ದಿ ಹೇಳುವವರಂತೆ ಹೇಳಿದರು:

"ಆವತ್ತು ಅವ್ರು ಹೊಗಳ್ತಿದ್ದಾಗ ನಿಮ್ಮ ಬೆನ್ನ ಹಿಂದೇನೇ ನಿಂತಿದ್ದೆ ನಾನು. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾದೆ."

ಬರಿದಾದ ಪಂಚೆಯನ್ನು ಮಡಿಸಿಕೊಂಡು ರೈಲಿಗೆ ನಡೆದೆ. ಬೆಳಕು ಸರಿಯಿರಲಿಲ್ಲ ಎನ್ನಲು ಪರೀಕ್ಷಕರಿಗಾದರೂ ಬಾಯಿತ್ತು.

ಮಾತಾಡುವುದನ್ನೇ ಕಸುಬು ಮಾಡಿಕೊಂಡವನಿಗೆ ಆವತ್ತು ಯಾವ ರೋಗ ಬಡಿದಿತ್ತು, ನೀವಾದರೂ ಹೇಳಬಲ್ಲಿರಾ?