ನರ್ಸಮ್ಮನ ವಾಕಿಂಗು

ಕಳೆದ ತಿಂಗಳು ನನ್ನ ಹೆಂಡತಿ ಸುಧಾ ಐದು ವರ್ಷದ ಮೇಲೆ ವಾಕಿಂಗ್ ಮಾಡಿದಳು. ಆರೇ ಆರು ನಿಮಿಷ. ಅದೂ ಮೈಸೂರಿನ ಆಸ್ಪತ್ರೆಯೊಂದರ ಟ್ರೆಡ್‌ಮಿಲ್ ಮೇಲೆ, ಎದೆಗೆ ವೈರುಗಳನ್ನು ಅಂಟಿಸಿಕೊಂಡು.

ಗಾಜಿನ ಬಾಗಿಲಿನಾಚೆ ಬೆಲ್ಟು ತಿರುಗುತ್ತಿತ್ತು. ಅವಳು ಏದುಸಿರು ಬಿಡುತ್ತಿದ್ದಳು. ಈಚೆ ನಿಂತಿದ್ದ ನನಗೆ ಗೊತ್ತಿದ್ದ ದೇವರ ಹೆಸರುಗಳೆಲ್ಲ ಮುಗಿದುಹೋಗಿದ್ದವು.

ಸುಧಾ ಸ್ಟಾಫ್ ನರ್ಸ್. ಪಾಂಡವಪುರದ ನಮ್ಮ ಮನೆಯಿಂದ ಕೆ.ಆರ್. ಪೇಟೆ ಕಡೆಯ ಒಂದು ಆಸ್ಪತ್ರೆಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಹಿಂದಿನ ದಿನ ಡ್ಯೂಟಿಯಲ್ಲಿ ರೋಗಿಯೊಬ್ಬರನ್ನು ಸ್ಟ್ರೆಚರ್‌ನಿಂದ ಮಂಚಕ್ಕೆ ದಾಟಿಸುವಾಗ ಎದೆಯ ಎಡಭಾಗ ಹಿಡಿದುಕೊಂಡಿತ್ತು. ಉಸಿರು ಸಿಗಲಿಲ್ಲ. ತಾನೇ ಬೆಳಿಗ್ಗೆ ಬೆಡ್‌ಶೀಟ್ ಹಾಸಿದ್ದ ಮಂಚದ ಮೇಲೆ ತಾನೇ ಮಲಗಿದಳು. ಇಸಿಜಿ ನೋಡಿದ ಡಾಕ್ಟರು, "ಅಂಥದ್ದೇನೂ ಕಾಣ್ತಿಲ್ಲ, ಆದ್ರೂ ಮೈಸೂರಲ್ಲಿ ಒಂದ್ಸಲ ತೋರಿಸಿಬಿಡಿ" ಎಂದರು. ಆ 'ಆದ್ರೂ' ಇದೆಯಲ್ಲ, ಅದು ಮೈಸೂರು ಮುಟ್ಟುವ ತನಕ ನನ್ನ ಪಕ್ಕದಲ್ಲೇ ಕೂತಿತ್ತು.

ಸುಧಾ ಮೊದಲು ಹೀಗಿರಲಿಲ್ಲ. ಕೊರೋನಾಕ್ಕೆ ಮುಂಚೆ ದಿನಾ ಒಂದು ಗಂಟೆ ನಾಲೆ ಏರಿಯ ಮೇಲೆ ನಡೆಯುತ್ತಿದ್ದಳು. ಜೊತೆಗೆ ಹೊರಟವರೆಲ್ಲ ಹಿಂದೆ ಬೀಳುವಷ್ಟು ಜೋರು ನಡಿಗೆ. (ಹಿಂದೆ ಬಿದ್ದವರಲ್ಲಿ ನಾನೂ ಒಬ್ಬ.)

ಆಮೇಲೆ ಕೋವಿಡ್ ವಾರ್ಡಿನ ಡ್ಯೂಟಿ ಬಂತು. ಪಿಪಿಇ ಕಿಟ್ ಹಾಕಿಕೊಂಡರೆ ಆರು ಗಂಟೆ ನೀರಿಲ್ಲ, ಬಾತ್‌ರೂಮಿಲ್ಲ. ಮನೆಗೆ ಬಂದರೆ ಹಿತ್ತಲಲ್ಲಿ ಸ್ನಾನ, ಬೇರೆ ರೂಮು, ಬೇರೆ ತಟ್ಟೆ. ಸ್ಟಾಫಿನ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಿಗ್ಗೆ ಯೋಗದ ವಿಡಿಯೋ ಬರುತ್ತಿತ್ತು. ನೋಡಬೇಕಾದವರೆಲ್ಲ ಆ ಹೊತ್ತಿಗೆ ಕಿಟ್ ಒಳಗಿರುತ್ತಿದ್ದರು!

ಆದರೂ ಅವಳು ಬಿಟ್ಟಿರಲಿಲ್ಲ. ಡ್ಯೂಟಿ ಇಲ್ಲದ ಒಂದು ಬೆಳಿಗ್ಗೆ, ಕ್ವಾರಂಟೈನ್ ಎಲ್ಲ ಮುಗಿಸಿಕೊಂಡು, ಮಾಸ್ಕ್ ಹಾಕಿಕೊಂಡು, ಜನರಿಲ್ಲದ ಹೊತ್ತು ನೋಡಿ ನಾಲೆ ಕಡೆ ಹೊರಟಳು. ಎದುರು ಮನೆಯ ಗೌರಮ್ಮ ಗೇಟಿನ ಒಳಗಿನಿಂದಲೇ ಕೂಗಿದರು:

"ಸಿಸ್ಟರವ್ವಾ, ತಪ್ಪು ತಿಳ್ಕಬ್ಯಾಡ ಕಣವ್ವಾ. ನಮ್ಮತ್ತೆಗೆ ವಯಸ್ಸಾಗದೆ. ನೀನು ಈ ಬೀದೀಲಿ ಓಡಾಡಬ್ಯಾಡ."

ಸುಧಾ ಅಲ್ಲಿಂದಲೇ ವಾಪಸ್ ಬಂದಳು. ಶೂ ಬಿಚ್ಚಿ ಕಪಾಟಿಗೆ ಹಾಕಿದಳು.

ಆಗ ನಾನೇನು ಮಾಡಿದೆ? ಗೌರಮ್ಮನ ಹತ್ತಿರ ಹೋಗಿ ಮಾತಾಡಿದೆನೇ? ಇಲ್ಲ. "ದಿನವೆಲ್ಲ ವಾರ್ಡಲ್ಲಿ ನಡೀತಾನೇ ಇರ್ತೀಯ, ಮತ್ತೆ ವಾಕಿಂಗ್ ಯಾಕೆ, ಬುಡು" ಎಂದೆ. ಸಮಾಧಾನಕ್ಕೆ ಆಡಿದ ಮಾತು. ಅದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಕೊರೋನಾ ಹೋಯಿತು, ಬೀದಿಯಲ್ಲಿ ಜನ ತುಂಬಿದರು, ನಾನು ಗೆಳೆಯರ ಜೊತೆ ಬೆಳಗಿನ ವಾಕಿಂಗ್ ಶುರು ಮಾಡಿದೆ. ಸುಧಾ ಮಾತ್ರ ಮತ್ತೆ ಹೊರಡಲೇ ಇಲ್ಲ. ನಾನೂ ಕೇಳಲಿಲ್ಲ.

ಟೆಸ್ಟ್ ಮುಗಿದ ಅರ್ಧ ಗಂಟೆಗೆ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದರು. ರಿಪೋರ್ಟ್ ತಿರುವುತ್ತಾ "ನೆಗೆಟಿವ್" ಅಂದರು. ನೆಗೆಟಿವ್ ಅಂದರೆ ಒಳ್ಳೆಯ ಸುದ್ದಿ ಎಂದು ಕೊರೋನಾ ನಮಗೆಲ್ಲ ಕಲಿಸಿಕೊಟ್ಟಿದೆಯಲ್ಲ!

"ಹಾರ್ಟು ಚೆನ್ನಾಗಿದೆ. ಹಿಡಿದಿರೋದು ಎದೆಯ ಸ್ನಾಯು, ಅಷ್ಟೇ. ಆದ್ರೆ ಆರು ನಿಮಿಷಕ್ಕೇ ಸುಸ್ತಾಗಿಬಿಟ್ರಿ. ಎಕ್ಸರ್‌ಸೈಜ್ ಏನು ಮಾಡ್ತೀರಿ ಸಿಸ್ಟರ್?"

"ದಿನವೆಲ್ಲ ವಾರ್ಡಲ್ಲಿ ನಡೀತಾನೇ ಇರ್ತೀನಲ್ಲ ಮೇಡಂ?"

ನನ್ನದೇ ಮಾತು. ಅಕ್ಷರ ಆಚೀಚೆಯಾಗದೆ.

"ಅದು ಕೆಲಸ. ಬೆಡ್ಡಿಂದ ಬೆಡ್ಡಿಗೆ ಹೋಗ್ತೀರಿ, ನಿಲ್ತೀರಿ. ಕಾಲು ಸೋಲುತ್ತೆ, ಉಸಿರಿಗೆ ಬಲ ಬರಲ್ಲ. ನಿಮಗೋಸ್ಕರ ಅಂತ ಕೊನೇ ಸಲ ನಡೆದಿದ್ದು ಯಾವಾಗ?"

ಸುಧಾ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ವಾಸಿಯಿತ್ತು.

ವಾಪಸ್ ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಬಸ್ಸು ಹೊಳೆ ದಾಟುತ್ತಿತ್ತು. ಕಿಟಕಿಯಿಂದ ನೀರು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನಗತೊಡಗಿದಳು.

"ಸತ್ತೇ ಹೋಗ್ತೀನಿ ಅನ್ಕಂಡಿದ್ದೆ ಕಣ್ರೀ."

ನನಗೂ ನಗು ಬಂತು. ಕಣ್ಣಲ್ಲಿ ನೀರೂ ಬಂತು. "ಅವತ್ತು ನಾನು ಅಂಗೆ ಹೇಳಬಾರದಾಗಿತ್ತು" ಎಂದೆ. "ನೀವು ಹೇಳಿದ್ರಿ, ನಾನು ಕೇಳ್ದೆ. ನಂಗೂ ಸಾಕಾಗಿತ್ತು ಬುಡಿ" ಎಂದು ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದಳು. ಪಾಂಡವಪುರ ಬರುವ ತನಕ ನಾನು ಭುಜ ಅಲುಗಿಸಲಿಲ್ಲ.

ನೋವು ಪೂರ್ತಿ ಇಳಿದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಸುಧಾ ವಾಕಿಂಗಿಗೆ ಹೊರಟಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಎದುರು ಗೇಟಿನಲ್ಲಿ ಗೌರಮ್ಮ ನಿಂತಿದ್ದರು. ಸುಧಾಳ ಹೆಜ್ಜೆ ಒಂದು ಕ್ಷಣ ತಡೆಯಿತು.

"ನಿಂತ್ಕೊ ಸಿಸ್ಟರವ್ವಾ" ಎಂದು ಗೌರಮ್ಮ ಈಚೆ ಬಂದರು. "ನಿಂಗೆ ಉಸಾರಿಲ್ಲ ಅಂತ ಕೇಳ್ದೆ, ಜೀವ ತಡೀಲಿಲ್ಲ. ಅವತ್ತು ಎದ್ರಿಕೆಗೆ ಏನೇನೋ ಅಂದ್ಬುಟ್ಟೆ. ಅವತ್ತಿಂದ ನಿನ್ನ ಮಕ ನೋಡಿ ಮಾತಾಡಕ್ಕಾಗಿಲ್ಲ ಕಣವ್ವಾ. ನಂಗೂ ಸುಗರ್ರು. ನಾನೂ ಬತ್ತೀನಿ."

ಸುಧಾ ಏನನ್ನುತ್ತಾಳೋ ಎಂದು ನಾನು ಕಿಟಕಿಗೆ ಇನ್ನಷ್ಟು ಬಾಗಿದೆ.

"ಬನ್ನಿ ಗೌರಮ್ಮ. ಮೆಲ್ಲಗೇ ಹೋಗೋಣ."

ಗೌರಮ್ಮ ಕೆಟ್ಟವರಲ್ಲ, ಹೆದರಿದ್ದರು. ನಾವೆಲ್ಲ ಹೆದರಿದ್ದೆವು. ನರ್ಸುಗಳಿಗಾಗಿ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ ನಮ್ಮ ಬೀದಿ, ಅವರಲ್ಲೊಬ್ಬಳಿಗೆ ನಡೆಯಲು ಜಾಗ ಬಿಡಲಿಲ್ಲ. ಬೀದಿಯದ್ದು ಹಾಗಿರಲಿ. ಹೆದರಿಕೆ ಮುಗಿದ ಮೇಲೂ ಅವಳನ್ನು ಮನೆಯಲ್ಲೇ ಹಿಡಿದಿಟ್ಟಿದ್ದು ಯಾವ ವೈರಸ್ಸು?

ಈಗ ವಾಕಿಂಗಿಗೆ ಬೆಳಿಗ್ಗೆ ಅವಳ ಪಾಳಿ, ಸಂಜೆ ನನ್ನದು. ಮೊನ್ನೆ ಬೆಳಿಗ್ಗೆ ನನ್ನ ವಾಕಿಂಗ್ ಗೆಳೆಯ, ಮರಗೆಲಸದ ರಾಜಾಚಾರಿ, ಕಿಟಕಿಯಲ್ಲಿ ಇಣುಕಿದ. ಕೈಯಲ್ಲಿ ಸೌಟು ಹಿಡಿದಿದ್ದ ನನ್ನನ್ನು ನೋಡಿ, "ಇದೇನ್ಲಾ ಇದು, ವಾಕಿಂಗ್ ಬುಟ್ಬುಟ್ಟು ಉಪ್ಪಿಟ್ಟು ಕೆದಕ್ತಾ ನಿಂತಿದ್ದೀಯ?" ಎಂದು ಬಿದ್ದು ಬಿದ್ದು ನಕ್ಕ.

ನಾನು ಅವನನ್ನು ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತೇನೆ: ನೀವು ಬೆಳಿಗ್ಗೆ ವಾಕಿಂಗಿಗೆ ಹೊರಟಾಗ ನಿಮ್ಮ ಮನೆಯ ಒಲೆಯ ಮುಂದೆ ಯಾರು ನಿಂತಿರುತ್ತಾರೆ?