ಜಯಲತಾ ಸಿಸ್ಟರ್ ಒಯ್ಯುವ ರಕ್ತ

ಪುಕ್ಕಟೆ ಕೆಲಸ ಮಾಡುವವರನ್ನು ಕಂಡರೆ ನನಗೆ ಮೊದಲು ಬರುವುದು ಗೌರವವಲ್ಲ, ಸಂಶಯ. ಕಲ್ಯಾಣದಲ್ಲಿ ಹತ್ತಿ, ಬ್ಯಾಂಡೇಜುಗಳ ಹೋಲ್‌ಸೇಲ್ ಅಂಗಡಿ ಇಟ್ಟವನಿಗೆ ಇನ್ನೇನು ಬರಬೇಕು?

ಜಯಲತಾ ಡೊಂಬಿವಲಿಯವರು, ಮೂಲ ಕಾರ್ಕಳದ ಕಡೆ. ಠಾಣೆಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದ ನರ್ಸ್. ನಿವೃತ್ತರಾದವರು ಭಜನಾ ಮಂಡಳಿ ಸೇರುತ್ತಾರೆ, ಇಲ್ಲವೇ ಸೊಸೆಯ ತಪ್ಪು ಹುಡುಕುತ್ತಾರೆ. ಇವರು ಪ್ರತಿ ಗುರುವಾರ ಲೋಕಲ್ ಹತ್ತಿ ಟಿಟ್ವಾಳಾಕ್ಕೆ, ಅಲ್ಲಿಂದ ರಿಕ್ಷಾದಲ್ಲಿ ಒಳಗಿನ ಹಳ್ಳಿಯ ಮಿಷನ್ ದವಾಖಾನೆಗೆ ಹೋಗಿ ಸಂಬಳವಿಲ್ಲದೆ ದುಡಿಯುತ್ತಾರೆ. ಸಂಜೆ ಮರಳುವಾಗ ಕೈಯಲ್ಲೊಂದು ಐಸ್ ಡಬ್ಬಿ; ಒಳಗೆ ಕಲ್ಯಾಣದ ಲ್ಯಾಬಿಗೆ ಒಯ್ಯುವ ರೋಗಿಗಳ ರಕ್ತ.

ನಾವಿಬ್ಬರೂ ಇರುವ ಕನ್ನಡ ಸಂಘದಲ್ಲಿ ಮಾತು ಹುಟ್ಟಲು ಅಷ್ಟು ಸಾಕಾಯಿತು. ಇನ್ನು ಕೊರಳಿಗೆ ಶಿಲುಬೆ ಬರುವುದೊಂದೇ ಬಾಕಿ ಎಂದರು ಕೆಲವರು. ನಾನು ವ್ಯಾಪಾರಿ, ಲ್ಯಾಬಿನವರ ಕಮಿಷನ್ ಇರಬೇಕು ಎಂದುಕೊಂಡೆ. ಹತ್ತಿಯ ಗಂಟು ತಲುಪಿಸುವ ನೆಪದಲ್ಲಿ ಒಂದು ಗುರುವಾರ ನಾನೇ ಟೆಂಪೊ ಹತ್ತಿದೆ.

ದವಾಖಾನೆಯಲ್ಲಿ ನನಗಿಂತ ದೊಡ್ಡ ಸಂಶಯಪಿಶಾಚಿಯೊಂದು ಬಾಗಿಲಿಗೆ ಅಡ್ಡ ನಿಂತಿತ್ತು: ಕಲಬುರಗಿ ಕಡೆಯ ಸೈದಪ್ಪ, ಕಟ್ಟಡ ಕೆಲಸದವನು. ಒಳಗೆ ಅವನ ತುಂಬು ಬಸುರಿ ಹೆಂಡತಿ ಮಾನಮ್ಮ. ಮುಖಕ್ಕೆ ಸುಣ್ಣ ಬಳಿದಂತಿತ್ತು.

"ಆಕಿ ಮೈಯಾಗ ರಗತಾ ಇಲ್ಲಂತೀರಿ. ಇಲ್ಲದಾಕಿ ರಗತಾನೇ ತಗದು ಡಬ್ಬ್ಯಾಗ ಹಾಕ್ತೀರಿ. ಎಲ್ಲಿ ಮಾರ್ತೀರಿ ಸಿಸ್ಟರ್ ಬಾಯಿ?"

ಪ್ರಶ್ನೆ ನನ್ನದೇ. ಅವನು ಬಾಯಿಬಿಟ್ಟು ಕೇಳಿದ, ಅಷ್ಟೆ.

"ಒಂದು ಚಮಚ ರಕ್ತಕ್ಕೆ ಯಾರು ಎಂತ ಕೊಡ್ತಾರೆ ಮಾರಾಯ? ಪರೀಕ್ಷೆ ಮಾಡದಿದ್ರೆ ಹೆರಿಗೆಯಲ್ಲಿ ಇವಳು ಉಳಿಯುದಿಲ್ಲ," ಎಂದರು ಜಯಲತಾ. ದನಿ ಏರಲಿಲ್ಲ. "ನಂಬಿಕೆ ಇಲ್ವಾ? ಡಬ್ಬಿ ನೀನೇ ಹಿಡ್ಕೊ, ಕಲ್ಯಾಣಕ್ಕೆ ಬಾ. ಮಧ್ವರಾಜಣ್ಣ, ನೀವೂ ಬನ್ನಿ. ನೋಡ್ಲಿಕ್ಕೇ ಬಂದದ್ದಲ್ವಾ?"

ನಾನು ಹತ್ತಿಯ ಗಂಟಿನತ್ತ ನೋಡಿದೆ. ಅದೂ ನನ್ನ ಪರ ಮಾತಾಡಲಿಲ್ಲ.

ರೈಲಿನಲ್ಲಿ ಸೈದಪ್ಪ ಡಬ್ಬಿಯನ್ನು ಮದುವೆ ಒಡವೆಯಂತೆ ತೊಡೆಯ ಮೇಲಿಟ್ಟು ತಬ್ಬಿಕೊಂಡ. ಲ್ಯಾಬಿನಲ್ಲಿ ಗಾಜಿಗೆ ಮೂಗು ಒತ್ತಿ ನಿಂತ. ನಾನು ಗಲ್ಲಾ ಕಾಯ್ದೆ. ಜಯಲತಾರ ಕೈಗೆ ಏನೂ ಬರಲಿಲ್ಲ; ಅವರೇ ಪರ್ಸ್ ತೆರೆದರು. ನನಗೆ ನಿರಾಶೆಯಾಯಿತು. ಜತನದಿಂದ ಬೆಳೆಸಿದ ಸಂಶಯ ಸಾಯುವುದೂ ಒಂದು ನಷ್ಟವೇ.

ಆದರೆ ರಿಪೋರ್ಟ್ ಕೆಟ್ಟದಾಗಿ ಬಂತು. ಮರುದಿನವೇ ಮಾನಮ್ಮನನ್ನು ಕಲ್ಯಾಣದ ಆಸ್ಪತ್ರೆಗೆ ಸೇರಿಸಿದರು; ಅಂಗಡಿಯಿಂದ ನಾನೂ ಹೋದೆ. ಬೇಗ ರಕ್ತ ಏರಿಸಬೇಕಿತ್ತು. ಬ್ಲಡ್ ಬ್ಯಾಂಕಿನವರು, ಕೊಡುತ್ತೇವೆ, ಬದಲಿಗೆ ನಿಮ್ಮವರು ಯಾರಾದರೂ ಕೊಡಿ ಎಂದರು.

"ಹಾಂ! ಈಗ ಬಂತ ನೋಡ್ರಿ ಖರೇ ಮಾತು," ಎಂದ ಸೈದಪ್ಪ. "ಹೆಂಡ್ತೀದು ಸಾಲ್ದಂತ, ಗಂಡಂದೂ ಬೇಕಂತ! ಮದ್ಲ ಈ ಸೇಠ್ರು ಕೊಡ್ಲಿ."

ನಾನು ಸಕ್ಕರೆ ಕಾಯಿಲೆ, ಅಂಗಡಿ ಬಾಗಿಲು ಎಂದು ನೆಪಗಳ ಸರಕು ಹರಡಿದೆ.

"ನಿಮಗೆ ಶುಗರ್ ಇಲ್ಲ. ಸಂಘದ ಕ್ಯಾಂಪಿನಲ್ಲಿ ನಾನೇ ನೋಡಿದ್ದು," ಎಂದರು ಜಯಲತಾ.

ಮಂಚ ಏರಿದೆ. ನನ್ನ ಚೀಲ ತುಂಬುವವರೆಗೂ ಸೈದಪ್ಪ ರೆಪ್ಪೆ ಬಡಿಯಲಿಲ್ಲ. ನಾನು ಸಾಯದೆ ಎದ್ದು ಬಿಸ್ಕತ್ತು ತಿಂದದ್ದನ್ನು ನೋಡಿದ ಮೇಲೆಯೇ ತನ್ನ ಅಂಗಿಯ ತೋಳು ಮಡಚಿದ.

ವಾರ್ಡಿನಲ್ಲಿ ಮಾನಮ್ಮನಿಗೆ ರಕ್ತ ಇಳಿಯತೊಡಗಿದಾಗ ಸೈದಪ್ಪ ಕೇಳಿದ: "ಇದು ನಂದೇ ಹೌದಿಲ್ಲೋ?"

"ಅಲ್ಲ. ನಿನ್ನ ಗುಂಪು ಬೇರೆ. ಇದು ಬೇರೆ ಯಾರೋ ಕೊಟ್ಟದ್ದು," ಎಂದರು ಜಯಲತಾ.

"ಮತ್ತ ನಂದೆಲ್ಲಿ ಹೋತು?"

"ಇನ್ಯಾರಿಗಾದ್ರೂ ಹೋಗ್ತದೆ."

"ನಾ ಹೇಳಲಿಲ್ಲೇನು, ಒಯ್ತಾರಂತ!" ಅವನ ಕೈ ನೇರ ಹೆಂಡತಿಯ ಸೂಜಿಯತ್ತ ಹೋಯಿತು.

ಜಯಲತಾ ಆ ಕೈ ಹಿಡಿಯುವ ಮೊದಲೇ ಮಾನಮ್ಮ ಕಣ್ಣು ತೆರೆದಳು. "ಯಾರದರೆ ಇರ್ಲಿ. ಹಚ್ಚಿದ್ದು ಕಿತ್ತಿ ಅಂದ್ರ, ಕೂಸಿನ ಮಾರಿ ನಿನಗ ತೋರ್ಸಂಗಿಲ್ಲ ನೋಡು."

ಸೈದಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಆದರೆ ಚೀಲವನ್ನು ಯಾರಾದರೂ ಬದಲಿಸಿಯಾರು ಎಂದು ಅದರ ಕೆಳಗೇ ಕಾವಲು ನಿಂತ. ಅವನನ್ನು ನಂಬದೆ ಜಯಲತಾ ಎದುರಿಗೆ ಸ್ಟೂಲ್ ಎಳೆದುಕೊಂಡು, ಕೊನೆಯ ಹನಿ ಇಳಿಯುವವರೆಗೂ ಅವನ ಕೈಗಳನ್ನೇ ನೋಡುತ್ತ ಕೂತರು.