ಹಾರನಹಳ್ಳಿಯಲ್ಲಿ ಮ್ಯಾಗ್ನೆಟಿಕ್ ಬಿರುಗಾಳಿ

ಹಾಸ್ಟೆಲ್ ಮಿತ್ರರೇ, ಇವತ್ತು ನನ್ನ ಮಾನ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು.

ಸೂರ್ಯನಲ್ಲಿ ಗದ್ದಲವೆದ್ದರೆ ದಿಕ್ಸೂಚಿಯ ಮುಳ್ಳು ಅಲುಗುತ್ತದೆ, ರಜದಲ್ಲೂ ದಿನಾ ನೋಡಿ ತಂತಿ ಕಳಿಸಿ, ತಪ್ಪು ವರದಿ ಕೊಟ್ಟವನನ್ನು ಟೆಲಿಸ್ಕೋಪಿನ ಹತ್ತಿರ ಸೇರಿಸೋಲ್ಲ ಎಂದಿದ್ದರಲ್ಲ ಪ್ರೊಫೆಸರು? ಇವತ್ತು ನಮ್ಮ ಜಗಲಿಯಲ್ಲಿಟ್ಟ ಮುಳ್ಳು ಗಿರಕಿ ಹೊಡೆಯಿತು. "ಮ್ಯಾಗ್ನೆಟಿಕ್ ಸ್ಟಾರ್ಮ್!" ಎಂದು ಕೂಗಿ, ಪಿರಿಯಾಪಟ್ಟಣಕ್ಕೆ ಹೋಗಿ ತಂತಿ ಕೊಡಲು ಸೈಕಲ್ ಹತ್ತಿದೆ.

ಮುಳ್ಳಿನ ಪಕ್ಕದಲ್ಲೇ ಎಲೆ ಅಡಿಕೆ ಹಾಕುತ್ತ ಕೂತಿದ್ದ ಅಜ್ಜಿ ಕೂಗಿದಳು: "ಯಾಕ್ಲಾ ಮಗ, ಅಂಗೆ ಓಡ್ತೀಯ? ನಾನು ಅಡಕತ್ತರಿ ಎತ್ತಿದಾಗ್ಲೆಲ್ಲ ನಿನ್ ಮುಳ್ಳು ಇತ್ಲಾಗೇ ತಿರುಗ್ತದೆ ಕಣ್ಲಾ. ಅದ್ಕೂ ಒಂದ್ ಚೂರು ಅಡ್ಕೆ ಕೊಡ್ಲಾ?"

ಸೈಕಲ್ ಇಳಿದು, ಆ ಚೂರನ್ನು ನಾನೇ ತಿಂದೆ. ನಾಳೆಯ ಮುನ್ಸೂಚನೆ ಮಾತ್ರ ಖಚಿತ: ಅಜ್ಜಿಯ ಊಟವಾದ ಕೂಡಲೇ ಮತ್ತೆ ಬಿರುಗಾಳಿ.